ರಂಗಮಂದಿರದ ಹಾಯ್ಸ್ಟ್‌ಗೆ ವೈರ್ ರೋಪ್ ಅಳವಡಿಸುವುದು: ಲೆಕ್ಕದಿಂದ ಭಾರ ಪರೀಕ್ಷೆಯವರೆಗೆ

ವೇದಿಕೆಯ ಮೇಲಿನ ಬಾರ್‌ಗೆ ಪರದೆ, ಫ್ರಿಲ್, ಲೈಟು ಕಟ್ಟಿ ಮೋಟಾರಿನಿಂದ ಏರಿಸಿ ಇಳಿಸುವ ವ್ಯವಸ್ಥೆ ಈಗ ಸಾಕಷ್ಟು ರಂಗಮಂದಿರಗಳಲ್ಲಿದೆ. ಇದರಲ್ಲಿ ವೈರ್ ರೋಪ್ ನಡುವಿನಲ್ಲಿ ಕಡಿದು ಹೋಗುವುದು ಅಪರೂಪ. ತೊಂದರೆ ಬರುವುದು ತುದಿ ಕಟ್ಟಿದ ಜಾಗದಲ್ಲಿ, ಪುಲ್ಲಿ ಓರೆಯಾಗಿ ಕೂತ ಜಾಗದಲ್ಲಿ, ಮತ್ತು ಪುಲ್ಲಿ ಹೊತ್ತ ಕಬ್ಬಿಣದಲ್ಲಿ. ಹಾಗಾಗಿ ಈ ಬರಹದ ಹೆಚ್ಚು ಜಾಗ ಅವಕ್ಕೇ ಮೀಸಲು.

ಉದಾಹರಣೆಗೆ ಒಂದು ಸೆಟ್ ಇಟ್ಟುಕೊಳ್ಳೋಣ: 12 ಮೀಟರ್ ಉದ್ದದ ಬಾರ್, ಐದು ರೋಪ್, ಬಾರ್‌ನ ತೂಕವೂ ಸೇರಿ 400 ಕೆ.ಜಿ. ಸಾಮರ್ಥ್ಯ. ಪುಲ್ಲಿಗಳು ನೆಲದಿಂದ 9 ಮೀಟರ್ ಎತ್ತರದ, ಕಬ್ಬಿಣದ ತೊಲೆಗಳ ಗ್ರಿಡ್‌ನಲ್ಲಿವೆ. ಹಾಯ್ಸ್ಟ್ (ಮೋಟಾರ್ ಮತ್ತು ರೋಪ್ ಸುತ್ತುವ ಡ್ರಮ್) 3 ಮೀಟರ್ ಎತ್ತರದ ಪಕ್ಕದ ಗ್ಯಾಲರಿಯಲ್ಲಿದೆ. ರೋಪ್ ಡ್ರಮ್ಮಿನಿಂದ ನೇರ ಮೇಲೇರಿ, ಐದು ಗ್ರೂವ್‌ಗಳ ಹೆಡ್ ಬ್ಲಾಕ್ (ರೋಪ್ ಕೂರುವ ಐದು ತೋಡಿನ ಪುಲ್ಲಿ) ದಾಟಿ, ಅಡ್ಡಲಾಗಿ ಹೋಗಿ, ಬಾರ್ ಮೇಲ್ಗಡೆ ಇರುವ ತನ್ನ ತನ್ನ ಲಾಫ್ಟ್ ಪುಲ್ಲಿಯಿಂದ ಕೆಳಗೆ ಬಾರ್‌ಗೆ ಇಳಿಯುತ್ತದೆ. ನಿಮ್ಮ ಮಂದಿರದ ಅಳತೆ ಬೇರೆ ಇರುತ್ತದೆ, ಲೆಕ್ಕದ ಕ್ರಮ ಇದೇ.

ಮೊದಲೇ ಒಂದು ಮಾತು. ಈ ಬಾರ್‌ಗಳ ಕೆಳಗೆ ಕಲಾವಿದರು, ಶಾಲೆಯ ಮಕ್ಕಳು ನಿಲ್ಲುತ್ತಾರೆ. ಗ್ರಿಡ್‌ನ ಕಬ್ಬಿಣ ಈ ಭಾರ ಹೊರುತ್ತದೆ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಬರೆದು ಕೊಡುವವರೆಗೆ ಒಂದು ಬೋಲ್ಟೂ ಹಾಕಬೇಡಿ. ಕೆಲಸ ಮಾಡುವವರಲ್ಲಿ ಒಬ್ಬರಾದರೂ ಭಾರ ಎತ್ತುವ ಕೆಲಸದಲ್ಲಿ ಪಳಗಿದ ರಿಗ್ಗರ್ ಇರಲೇಬೇಕು. ಓದಿಕೊಂಡು ಮೊದಲ ಸಲ ಮಾಡುವ ಕೆಲಸ ಇದಲ್ಲ.

ಭಾರ ಯಾವ ರೋಪಿಗೆ ಎಷ್ಟು

400ನ್ನು ಐದರಿಂದ ಭಾಗಿಸಿ "ರೋಪಿಗೆ 80 ಕೆ.ಜಿ." ಎನ್ನುವುದು ಎಲ್ಲೆಡೆ ಕಾಣುವ ತಪ್ಪು. ಬಾರ್ ಒಂದು ಉದ್ದನೆಯ ತೊಲೆ, ಅದಕ್ಕೆ ಐದು ಆಧಾರ. ರೋಪ್‌ಗಳ ನಡುವೆ 2.8 ಮೀಟರ್, ಎರಡೂ ತುದಿಯಲ್ಲಿ 0.4 ಮೀಟರ್ ಚಾಚು ಬಿಟ್ಟು ಭಾರವನ್ನು ಸಮವಾಗಿ ಹರಡಿದರೆ, ಹಂಚಿಕೆ ಸುಮಾರು 51, 105, 87, 105, 51 ಕೆ.ಜಿ. ಆಗುತ್ತದೆ. ಎರಡನೆಯ ಮತ್ತು ನಾಲ್ಕನೆಯ ರೋಪ್‌ಗಳೇ ಹೆಚ್ಚು ದುಡಿಯುವವು. ಎರಡನೆಯದು ಸಡಿಲವಾಯಿತು ಅಂತಿಟ್ಟುಕೊಳ್ಳಿ, ನಡುವಿನ ರೋಪ್ ಮೇಲೆ ಒಮ್ಮೆಗೇ ಸುಮಾರು 188 ಕೆ.ಜಿ. ಬೀಳುತ್ತದೆ. ರೋಪ್ ಆರಿಸುವಾಗ ಕಣ್ಣಮುಂದೆ ಇರಬೇಕಾದ್ದು ಈ 188.

6 ಮಿ.ಮೀ. ದಪ್ಪದ, 7×19 ರಚನೆಯ (ಏಳು ಎಳೆ, ಎಳೆಗೆ 19 ತಂತಿ), 1770 ದರ್ಜೆಯ (ತಂತಿಯ ಬಲ, ಚದರ ಮಿ.ಮೀ.ಗೆ ಇಷ್ಟು ನ್ಯೂಟನ್) ಗ್ಯಾಲ್ವನೈಸ್ ಮಾಡಿದ ವೈರ್ ರೋಪ್ ಕಡಿಯುವ ಭಾರ ಸುಮಾರು 21 ಕಿಲೋನ್ಯೂಟನ್, ಅಂದರೆ 2,140 ಕೆ.ಜಿ. ಫೆರುಲ್ (ಮಡಿಚಿದ ರೋಪನ್ನು ಹಿಡಿಯುವ ಲೋಹದ ಕೊಳವೆ) ಒತ್ತಿದ ತುದಿ ಇದರ ಶೇ. 90ರಷ್ಟನ್ನು ಉಳಿಸಿಕೊಳ್ಳುತ್ತದೆ ಎಂದು ಹಿಡಿದರೆ 1,925 ಕೆ.ಜಿ. ಅದನ್ನು 188ರಿಂದ ಭಾಗಿಸಿದರೆ ಹತ್ತಕ್ಕಿಂತ ತುಸು ಹೆಚ್ಚು. ಜನರ ತಲೆಯ ಮೇಲಿನ ಭಾರಕ್ಕೆ ಹತ್ತು ಪಟ್ಟು ನಮ್ಮ ಕನಿಷ್ಠ. ಒಂದು ರೋಪ್ ಕೈಕೊಟ್ಟಾಗಲೂ ಅದು ಉಳಿಯಬೇಕು ಎನ್ನುವುದೇ ಈ ಲೆಕ್ಕದ ಉದ್ದೇಶ.

ಇಲ್ಲೊಂದು ಬಲೆ ಇದೆ. ಅಮೆರಿಕದ ರಂಗಭೂಮಿ ಕೈಪಿಡಿಗಳಲ್ಲಿ ಕಾಲಿಂಚಿನ 7×19 ರೋಪಿಗೆ 7,000 ಪೌಂಡ್ ಎಂದಿರುತ್ತದೆ, ಅದು 31 ಕಿಲೋನ್ಯೂಟನ್. ಕಾಲಿಂಚು ಎಂದರೆ 6.35 ಮಿ.ಮೀ., ಜೊತೆಗೆ ಅದರ ತಂತಿಯ ದರ್ಜೆಯೂ ಬೇರೆ. ಆ ಅಂಕಿಯನ್ನು ನಮ್ಮ 6 ಮಿ.ಮೀ. ರೋಪಿಗೆ ಹಚ್ಚಿದರೆ ಮೂರರಲ್ಲೊಂದು ಭಾಗ ಬಲ ಕಾಗದದ ಮೇಲಷ್ಟೇ ಇರುತ್ತದೆ. ನಿಮ್ಮ ರೀಲಿನ ಜೊತೆ ಬಂದ ಪರೀಕ್ಷಾ ಪ್ರಮಾಣಪತ್ರದ ಅಂಕಿಯೊಂದನ್ನೇ ನಂಬಿ. ಪ್ರಮಾಣಪತ್ರ ಇಲ್ಲದ ರೋಪ್ ಎಷ್ಟೇ ಅಗ್ಗವಾದರೂ ಬೇಡ. ಪ್ಲಾಸ್ಟಿಕ್ ಹೊದಿಕೆಯ ರೋಪೂ ಬೇಡ, ಒಳಗೆ ತಂತಿ ಮುರಿದಿದ್ದರೆ ಕಾಣುವುದೇ ಇಲ್ಲ. ನಾರಿನ ತಿರುಳಿನದೂ ಬೇಡ, ಅದು ಹೆಚ್ಚು ಹಿಗ್ಗುತ್ತದೆ, ಡ್ರಮ್ ಮೇಲೆ ಚಪ್ಪಟೆಯಾಗುತ್ತದೆ.

ಅಡ್ಡ ಎಳೆತ, ಮೇಲೆಳೆತ

ಕೆಳಗೆ ತೂಗುವ 400 ಕೆ.ಜಿ. ಎಲ್ಲರ ಗಮನಕ್ಕೂ ಬರುತ್ತದೆ. ಅಡ್ಡಕ್ಕೆ ಎಳೆಯುವ 400 ಕೆ.ಜಿ. ಮರೆತುಹೋಗುತ್ತದೆ. ರೋಪ್ 90 ಡಿಗ್ರಿ ತಿರುಗುವ ಪ್ರತಿ ಪುಲ್ಲಿಯ ಮೇಲೆ ರೋಪಿನ ಎಳೆತದ 1.41 ಪಟ್ಟು ಬಲ ಓರೆಯಾಗಿ ಬೀಳುತ್ತದೆ. ಹೆಡ್ ಬ್ಲಾಕ್ ಮೇಲೆ ಐದೂ ರೋಪ್ ಸೇರಿ ಸುಮಾರು 566 ಕೆ.ಜಿ. ಹೆಡ್ ಬ್ಲಾಕ್ ಲಾಫ್ಟ್ ಪುಲ್ಲಿಗಳ ಕಡೆಗೆ, ಲಾಫ್ಟ್ ಪುಲ್ಲಿಗಳು ಹೆಡ್ ಬ್ಲಾಕ್ ಕಡೆಗೆ ಜಗ್ಗುತ್ತವೆ. ಎರಡರ ನಡುವಿನ ಕಬ್ಬಿಣ ಈ ಒತ್ತಡವನ್ನು ಹೊರುವಂತಿರಬೇಕು. ಹಳೆಯ ಸಭಾಂಗಣಗಳ ಚಾವಣಿ ತೊಲೆಗಳನ್ನು ಕೆಳಮುಖ ಭಾರಕ್ಕೆಂದೇ ಹಾಕಿರುತ್ತಾರೆ, ಅಡ್ಡ ಎಳೆತ ಬಿದ್ದಾಗ ತೊಲೆ ತಿರುಚಿಕೊಳ್ಳುತ್ತದೆ. ಎರಡು ತೊಲೆಗಳ ನಡುವೆ ಆಂಗಲ್ ಅಥವಾ ಚಾನಲ್‌ನ ಅಡ್ಡಕಟ್ಟು ಬೇಕೇ ಎಂದು ಎಂಜಿನಿಯರನ್ನು ಬಾಯಿಬಿಟ್ಟು ಕೇಳಿ.

ಹಾಯ್ಸ್ಟ್‌ನದು ಇನ್ನೂ ವಿಚಿತ್ರ. ರೋಪ್‌ಗಳು ಅದನ್ನು ಮೇಲಕ್ಕೆ ಎತ್ತುತ್ತವೆ. ಗ್ಯಾಲರಿಯ ಆಂಕರ್ ಬೋಲ್ಟ್‌ಗಳು ಕಿತ್ತು ಬರುವ ದಿಕ್ಕಿನಲ್ಲಿ ದುಡಿಯುತ್ತವೆ. ಕಾಂಕ್ರೀಟ್ ಸ್ಲ್ಯಾಬ್ ಆದರೆ ಆರ್‌ಪಾರ್ ತೂತು ಕೊರೆದು, ಕೆಳಗೆ ಪ್ಲೇಟ್ ಕೊಟ್ಟು ಬೋಲ್ಟ್ ಹಾಕಿ. ಎಕ್ಸ್‌ಪ್ಯಾನ್ಷನ್ ಬೋಲ್ಟನ್ನು ನಂಬಿ ಹಾಯ್ಸ್ಟನ್ನಾಗಲಿ ಪುಲ್ಲಿಯನ್ನಾಗಲಿ ತೂಗಬಿಡಬೇಡಿ.

ಸಾಮಾನು

ರೋಪಿನ ಉದ್ದವನ್ನು ಹೀಗೆ ಕೂಡಿಸಿ: ಡ್ರಮ್ ಮೇಲೆ ಸದಾ ಉಳಿಯುವ ಮೂರು ಸುತ್ತು, ಡ್ರಮ್ಮಿನಿಂದ ಹೆಡ್ ಬ್ಲಾಕ್, ಅಲ್ಲಿಂದ ಲಾಫ್ಟ್ ಪುಲ್ಲಿ, ಅಲ್ಲಿಂದ ಬಾರ್‌ನ ಅತಿ ಕೆಳಗಿನ ಮಟ್ಟ (ನೆಲದಿಂದ 1.2 ಮೀಟರ್), ತುದಿಗೆ ಅರ್ಧ ಮೀಟರ್, ಕೈಗೆ ಹೆಚ್ಚುವರಿ ಒಂದು ಮೀಟರ್. 300 ಮಿ.ಮೀ. ಡ್ರಮ್ಮಿಗೆ ಒಂದು ಸುತ್ತು 0.94 ಮೀಟರ್. ಹತ್ತಿರದ ಲಾಫ್ಟ್ ಪುಲ್ಲಿ ಹೆಡ್ ಬ್ಲಾಕಿನಿಂದ 2 ಮೀಟರ್ ದೂರದಲ್ಲಿದ್ದರೆ ಮೊದಲ ರೋಪ್ 2.8 + 6 + 2 + 7.8 + 0.5 + 1 = 20.1 ಮೀಟರ್. ಮುಂದಿನ ಪ್ರತಿಯೊಂದಕ್ಕೂ 2.8 ಮೀಟರ್ ಸೇರಿಸುತ್ತಾ ಹೋದರೆ ಕೊನೆಯದು 31.3 ಮೀಟರ್. ಒಟ್ಟು 128.5. 140 ಮೀಟರಿನ ಒಂದೇ ರೀಲ್ ತನ್ನಿ. ಎರಡು ರೀಲಿನ ರೋಪ್ ಬೆರೆತರೆ ಹಿಗ್ಗುವ ಪ್ರಮಾಣ ಬೇರೆಬೇರೆಯಾಗಿ ಬಾರ್ ಸೊಟ್ಟ ತೂಗುತ್ತದೆ.

ಪ್ರತಿ ರೋಪಿಗೆ ಒಂದು ಥಿಂಬಲ್ (ತುದಿಯ ಕುಣಿಕೆಯೊಳಗೆ ಕೂರುವ ಲೋಹದ ಬಳೆ), ಒಂದು ಫೆರುಲ್, ಉದ್ದ ಹೊಂದಿಸಲು ಎರಡೂ ತುದಿಯಲ್ಲಿ ಪಿನ್ ಇರುವ 12 ಮಿ.ಮೀ. ಟರ್ನ್‌ಬಕಲ್ (150 ಮಿ.ಮೀ. ಹೊಂದಾಣಿಕೆ ಇರುವಂಥದ್ದು), ಭಾರ ಮುದ್ರೆ ಹಾಕಿದ ಡಿ-ಶ್ಯಾಕಲ್ (ಪಿನ್ ಇರುವ ಕೊಂಡಿ), ಪೈಪ್ ಕ್ಲ್ಯಾಂಪ್ ಬೇಕು. ಕೊಕ್ಕೆ ತುದಿಯ ಟರ್ನ್‌ಬಕಲ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಅದು ಪೆಂಡಾಲ್ ಬಿಗಿಯುವುದಕ್ಕೆ ಸರಿ, ಇಲ್ಲಿಗೆ ಬೇಡ. ಬಾರ್ ಒಂದು ಕಡೆ ಯಾವುದಕ್ಕಾದರೂ ತಾಗಿ ರೋಪ್ ಸಡಿಲವಾದ ಕ್ಷಣದಲ್ಲೇ ಕೊಕ್ಕೆ ಕಳಚಿಕೊಳ್ಳುತ್ತದೆ.

ಪುಲ್ಲಿ ತೆಗೆದುಕೊಳ್ಳುವಾಗ ಗ್ರೂವ್‌ನ ತಳದಲ್ಲಿ 160ರಿಂದ 180 ಮಿ.ಮೀ. ವ್ಯಾಸ ಇರಲಿ. ಅದು ರೋಪಿನ ದಪ್ಪದ 27ರಿಂದ 30 ಪಟ್ಟು. ಇದಕ್ಕಿಂತ ತೀರ ಚಿಕ್ಕದಾದರೆ ಪ್ರತಿ ಏರಿಳಿತಕ್ಕೂ ತಂತಿಗಳು ಹೆಚ್ಚು ಬಾಗಿ ಬೇಗ ದಣಿಯುತ್ತವೆ. ಗ್ರೂವ್ ರೋಪಿಗಿಂತ ಶೇ. 6ರಿಂದ 8ರಷ್ಟು ಅಗಲವಿರಬೇಕು. ಇಕ್ಕಟ್ಟಾದರೆ ರೋಪನ್ನು ಹಿಂಡುತ್ತದೆ, ಅತಿ ಅಗಲವಾದರೆ ರೋಪ್ ಚಪ್ಪಟೆಯಾಗುತ್ತದೆ. ರೋಪ್ ಹೊರಗೆ ಹಾರದಂತೆ ತಡೆಯುವ ಸರಳು ಪ್ರತಿ ಪುಲ್ಲಿಗೂ ಬೇಕು. ಸರಳು ಮತ್ತು ಪುಲ್ಲಿಯ ಅಂಚಿನ ಸಂದು ರೋಪಿನ ಅರ್ಧ ದಪ್ಪಕ್ಕಿಂತ ಕಡಿಮೆ ಇರಲಿ.

ಬಾರ್‌ಗೆ 40 ಎನ್‌ಬಿ (ನಾಮಮಾತ್ರ ಒಳವ್ಯಾಸ 40 ಮಿ.ಮೀ.) ಪೈಪ್, ಹೊರವ್ಯಾಸ 48.3 ಮಿ.ಮೀ., ಮೀಡಿಯಂ ಕ್ಲಾಸ್. ಮೀಟರಿಗೆ ಸುಮಾರು 3.6 ಕೆ.ಜಿ.ಯಂತೆ 12 ಮೀಟರಿಗೆ 43 ಕೆ.ಜಿ. ನಮ್ಮಲ್ಲಿ ಪೈಪ್ ಬರುವುದು 6 ಮೀಟರ್ ಉದ್ದದಲ್ಲಿ. ಎರಡನ್ನು ಜೋಡಿಸಿದರೆ ಜಾಯಿಂಟ್ ಸರಿಯಾಗಿ ನಡುವಿನ ಕ್ಲ್ಯಾಂಪಿನ ಕೆಳಗೆ ಬರುತ್ತದೆ. 3.8, 4.4, 3.8 ಮೀಟರ್ ಹೀಗೆ ಮೂರು ತುಂಡು ಮಾಡಿ. ಆಗ ಎರಡು ಜಾಯಿಂಟ್‌ಗಳೂ ಕ್ಲ್ಯಾಂಪಿನಿಂದ 0.6 ಮೀಟರ್ ಆಚೆ, ಬಾಗುವ ಬಲ ಕಡಿಮೆ ಇರುವ ಜಾಗಕ್ಕೆ ಬರುತ್ತವೆ. ಒಳಗೆ ಬಿಗಿಯಾಗಿ ಕೂರುವ ಸ್ಲೀವ್ ಹಾಕಿ, ಪ್ರತಿ ಬದಿಗೆ ಎರಡು ಬೋಲ್ಟ್ ಬಿಗಿಯಿರಿ.

ಗುರುತು ಹಾಕುವುದು, ಪುಲ್ಲಿ ಕೂರಿಸುವುದು

ವೇದಿಕೆಯ ನೆಲದ ಮೇಲೆ ಬಾರ್‌ನ ಗೆರೆ ಎಳೆದು ಐದು ಬಿಂದು ಗುರುತಿಸಿ, ಲೇಸರ್ ಅಥವಾ ತೂಗುಗುಂಡಿನಿಂದ ಗ್ರಿಡ್‌ಗೆ ಒಯ್ಯಿರಿ. ಆ ಬಿಂದುವಿಗೆ ಪುಲ್ಲಿಯ ಶಾಫ್ಟನ್ನು ಹೊಂದಿಸಬೇಡಿ. ರೋಪ್ ಇಳಿಯುವುದು ಪುಲ್ಲಿಯ ಅಂಚಿನಿಂದ. 160 ಮಿ.ಮೀ. ಪುಲ್ಲಿಯಾದರೆ ಶಾಫ್ಟ್ ಬಿಂದುವಿನಿಂದ 80 ಮಿ.ಮೀ.ಗಿಂತ ತುಸು ಹೆಚ್ಚು ಹೆಡ್ ಬ್ಲಾಕ್ ಕಡೆಗಿರಬೇಕು. ಐದರಲ್ಲೂ ಇದೇ ತಪ್ಪಾದರೆ ಬಾರ್ ಅಷ್ಟು ಪಕ್ಕಕ್ಕೆ ಸರಿಯುತ್ತದೆ, ಅಷ್ಟೆ. ಒಂದರಲ್ಲಿ ಮಾತ್ರ ತಪ್ಪಾದರೆ ಆ ರೋಪ್ ಸದಾ ಓರೆಯಾಗಿ ಎಳೆಯುತ್ತಿರುತ್ತದೆ, ಬಾರ್ ಮೇಲೇರಿದಷ್ಟೂ ಓರೆ ಹೆಚ್ಚಾಗುತ್ತದೆ.

ಪುಲ್ಲಿಯನ್ನು ತೊಲೆಗೆ ಬೀಮ್ ಕ್ಲ್ಯಾಂಪಿನಿಂದ ಹಿಡಿಸಿ. ತೊಲೆಯ ಫ್ಲ್ಯಾಂಜಿಗೆ ತೂತು ಕೊರೆಯುವುದು, ಎತ್ತರದಲ್ಲಿ ವೆಲ್ಡಿಂಗ್ ಮಾಡುವುದು ಎಂಜಿನಿಯರ್ ಒಪ್ಪದೆ ಆಗಕೂಡದು. ಬೋಲ್ಟ್ 8.8 ದರ್ಜೆಯದು, ಲಾಕ್‌ನಟ್ ಸಹಿತ. ಬಿಗಿದ ಮೇಲೆ ನಟ್ಟಿನಿಂದ ಪ್ಲೇಟಿನವರೆಗೆ ಪೇಂಟಿನಲ್ಲಿ ಒಂದು ಗೆರೆ ಎಳೆದಿಡಿ. ಮುಂದೆ ನಟ್ ಅಲುಗಿದರೆ ಗೆರೆ ತುಂಡಾಗಿ ಕೆಳಗಿನಿಂದಲೇ ಕಾಣುತ್ತದೆ.

ಪುಲ್ಲಿ ಸಾಲಾಗಿದೆಯೇ ಎಂದು ತಿಳಿಯಲು ಹೆಡ್ ಬ್ಲಾಕಿನ ಗ್ರೂವ್‌ನಿಂದ ಲಾಫ್ಟ್ ಪುಲ್ಲಿಯ ಗ್ರೂವ್‌ಗೆ ಮೇಸ್ತ್ರಿ ದಾರ ಬಿಗಿಯಾಗಿ ಎಳೆದು ನೋಡಿ. ದಾರ ಗ್ರೂವ್‌ನ ಎರಡೂ ಗೋಡೆಗಳಿಗೆ ತಾಗದೆ ನಡುವೆ ಕೂರಬೇಕು. 1.5 ಡಿಗ್ರಿಗಿಂತ ಹೆಚ್ಚು ಓರೆ ಬೇಡ. ಮೀಟರ್ ದೂರಕ್ಕೆ 26 ಮಿ.ಮೀ. ಎಂದು ನೆನಪಿಟ್ಟುಕೊಂಡರೆ ಸಾಕು.

ಈ ಮಿತಿ ಹೆಚ್ಚಾಗಿ ಮುರಿಯುವುದು ಡ್ರಮ್ ಮತ್ತು ಹೆಡ್ ಬ್ಲಾಕ್ ನಡುವೆ. ನಮ್ಮ ಡ್ರಮ್ಮಿನಲ್ಲಿ ಒಂದು ರೋಪಿನ ಭಾಗ 80 ಮಿ.ಮೀ. ಅಗಲ: 6.6 ಮೀಟರ್ ಓಡಾಟಕ್ಕೆ ಏಳು ಸುತ್ತು, ಉಳಿಯುವ ಮೂರು, ಕೈಗೆ ಒಂದು, ಸುತ್ತಿಗೆ 7 ಮಿ.ಮೀ. ಹೆಡ್ ಬ್ಲಾಕಿನ ಗ್ರೂವ್‌ಗಳ ನಡುವೆ 15 ಮಿ.ಮೀ. ಮಾತ್ರ ಇದ್ದರೆ ಅಂಚಿನ ರೋಪ್ 130 ಮಿ.ಮೀ. ಪಕ್ಕಕ್ಕಿರುತ್ತದೆ. ಸುತ್ತಿಕೊಳ್ಳುವಾಗಿನ 25 ಸೇರಿದರೆ 155. ಅದನ್ನು 26ರಿಂದ ಭಾಗಿಸಿದರೆ 6 ಮೀಟರ್, ನಮಗೆ ಅಷ್ಟು ದೂರ ಸರಿಯಾಗಿ ಇದೆ. ಗ್ಯಾಲರಿ ಇನ್ನೂ ಮೇಲಿದ್ದಿದ್ದರೆ ಗ್ರೂವ್‌ಗಳ ನಡುವೆ ಹೆಚ್ಚು ಅಂತರ ಇರುವ ಹೆಡ್ ಬ್ಲಾಕ್ ಹಾಕಬೇಕಾಗುತ್ತಿತ್ತು. ಓರೆ ಹೆಚ್ಚಾದ ರೋಪ್ ಡ್ರಮ್ಮಿನ ಗ್ರೂವ್ ಬಿಟ್ಟು ಪಕ್ಕದ ಸುತ್ತಿನ ಮೇಲೆ ಹತ್ತುತ್ತದೆ. ಹತ್ತಿದ ಕೂಡಲೇ ಆ ಒಂದು ರೋಪ್ ಬೇರೆಯವಕ್ಕಿಂತ ವೇಗವಾಗಿ ಮೇಲೇರಿ ಬಾರ್ ಬಾಗುತ್ತದೆ.

ದೂರದ ರೋಪ್‌ಗಳು ಅಡ್ಡಲಾಗಿ 13 ಮೀಟರ್ ಹೋಗುವಾಗ ಜೋಲುತ್ತವೆ. ದಾರಿಯ ಪ್ರತಿ ಲಾಫ್ಟ್ ಪುಲ್ಲಿಯ ಪಕ್ಕ ಹಾದುಹೋಗುವ ರೋಪ್‌ಗಳಿಗೆ ಐಡ್ಲರ್ ರೋಲರ್ ಕೊಡಿ. ಡಕ್ಟ್, ಕೇಬಲ್ ಟ್ರೇ, ತೊಲೆಯ ಅಂಚು ಯಾವುದಕ್ಕೂ ರೋಪ್ ಉಜ್ಜಬಾರದು.

ರೋಪ್ ಬಿಚ್ಚುವುದು, ಪೋಣಿಸುವುದು

ರೀಲಿಗೆ ಸರಳು ಪೋಣಿಸಿ ಸ್ಟ್ಯಾಂಡಿನ ಮೇಲಿಟ್ಟು, ರೀಲ್ ತಿರುಗುವಂತೆ ರೋಪ್ ಎಳೆಯಿರಿ. ನೆಲದಲ್ಲಿ ಮಲಗಿಸಿದ ಸುರುಳಿಯಿಂದ ಎಳೆದರೆ ಪ್ರತಿ ಸುತ್ತಿಗೂ ಒಂದು ತಿರುಚು ಸೇರಿ ಕುಣಿಕೆ ಬೀಳುತ್ತದೆ. ಕುಣಿಕೆ ಬಿದ್ದಿದ್ದನ್ನು ಕಂಡರೆ ಎಳೆಯಬೇಡಿ, ಕೈಯಲ್ಲಿ ಬಿಡಿಸಿ. ಎಳೆದು ಕಿಂಕ್ ಆಯಿತೋ, ನೇರ ಮಾಡಿದರೂ ಆ ಜಾಗದ ತಂತಿಗಳು ಕೆಟ್ಟಿರುತ್ತವೆ, ಆ ರೋಪ್ ಹೋಯಿತು. ಕೆಲಸಗಾರರಿಗೆ ದಪ್ಪ ಚರ್ಮದ ಗ್ಲೌಸ್ ಇರಲಿ.

ಕತ್ತರಿಸುವ ಜಾಗದ ಎರಡೂ ಬದಿಗೆ ತೆಳು ತಂತಿಯನ್ನೋ ಗಟ್ಟಿ ಟೇಪನ್ನೋ ಬಿಗಿಯಾಗಿ ಸುತ್ತಿ, ಕೇಬಲ್ ಕಟರ್ ಅಥವಾ ಗ್ರೈಂಡರಿನ ತೆಳು ಡಿಸ್ಕ್‌ನಿಂದ ಕತ್ತರಿಸಿ. ಗ್ಯಾಸ್ ಕಟ್ಟಿಂಗ್ ಬೇಡ. ರೋಪ್ ಬಿಚ್ಚಿಟ್ಟ ಜಾಗದಲ್ಲಿ ವೆಲ್ಡಿಂಗೂ ಬೇಡ, ಒಂದು ಕಿಡಿಯ ಆರ್ಕ್ ಸಾಕು ತಂತಿ ಹದಗೆಡಲು.

ಬಾರ್ ಕಡೆಯ ತುದಿಯನ್ನು ವರ್ಕ್‌ಶಾಪಿನಲ್ಲೇ ಥಿಂಬಲ್ ಕೂರಿಸಿ, ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಫೆರುಲ್ ಒತ್ತಿಸಿ ತರುವುದು ನಮ್ಮ ಸಲಹೆ. ಸ್ಲಿಂಗ್ ಮಾಡುವ ವರ್ಕ್‌ಶಾಪ್‌ಗಳಲ್ಲಿ ಈ ಸೌಲಭ್ಯ ಇರುತ್ತದೆ, ಪರೀಕ್ಷೆ ಮಾಡಿ ಪ್ರಮಾಣಪತ್ರವನ್ನೂ ಕೊಡುತ್ತಾರೆ. ಒತ್ತಿದ ಫೆರುಲ್‌ನ ವ್ಯಾಸ ತಯಾರಕರ ಪಟ್ಟಿಯಲ್ಲಿರುವಂತೆ ಬಂದಿದೆಯೇ ಎಂದು ವರ್ನಿಯರ್‌ನಲ್ಲಿ ಅಳೆಯಿರಿ. ಬಾಲದ (ಮಡಿಚಿ ಬಂದ ರೋಪಿನ) ತುದಿ ಫೆರುಲ್ ಆಚೆ ಸ್ವಲ್ಪ ಕಾಣಬೇಕು. ಕಾಣದಿದ್ದರೆ ಒಳಗೆ ಪೂರ್ತಿ ಹಿಡಿತವಿದೆ ಎನ್ನಲು ಬರುವುದಿಲ್ಲ, ವಾಪಸ್ ಕೊಡಿ.

ಆಮೇಲೆ ಖಾಲಿ ತುದಿಯನ್ನು ವೇದಿಕೆಯಿಂದ ಮೇಲಕ್ಕೆ, ನೈಲಾನ್ ಹಗ್ಗದ ಸಹಾಯದಿಂದ, ಲಾಫ್ಟ್ ಪುಲ್ಲಿ, ಐಡ್ಲರ್, ಹೆಡ್ ಬ್ಲಾಕ್ ದಾಟಿಸಿ ಡ್ರಮ್ಮಿಗೆ ತನ್ನಿ. ಹೀಗೆ ಮಾಡಿದರೆ ಉದ್ದದ ಹೆಚ್ಚುಕಡಿಮೆ ಎಲ್ಲ ಡ್ರಮ್ ಕಡೆಗೆ ಸರಿಯುತ್ತದೆ, ಒತ್ತಿದ ತುದಿಯನ್ನು ಮುಟ್ಟಬೇಕಾಗುವುದಿಲ್ಲ. ಅತಿ ದೂರದ ರೋಪಿನಿಂದ ಶುರು ಮಾಡಿ. ಎರಡೂ ತುದಿಗೆ ಅಂಕಿ ಬರೆದ ಟೇಪ್ ಹಚ್ಚಿ. ರೋಪ್‌ಗಳು ಒಂದನ್ನೊಂದು ದಾಟಬಾರದು.

ಡ್ರಮ್ ತುದಿ

ಬಲ ಹುರಿಯ (ಎಳೆಗಳು ಬಲಕ್ಕೆ ಸುತ್ತಿದ) ರೋಪಿಗೆ ಎಡ ಗ್ರೂವಿನ ಡ್ರಮ್ ಹೊಂದುತ್ತದೆ, ತಿರುವುಮುರುವಾದರೆ ರೋಪ್ ಹುರಿ ಬಿಡುತ್ತಾ ಹೋಗುತ್ತದೆ. ಹಾಯ್ಸ್ಟ್ ಆರ್ಡರ್ ಮಾಡುವಾಗಲೇ ಇದನ್ನು ಕೇಳಿ. ಬಾರನ್ನು ಅತಿ ಕೆಳಗಿನ ಮಟ್ಟದಲ್ಲಿ ಸ್ಟ್ಯಾಂಡುಗಳ ಮೇಲೆ ಸಮಮಟ್ಟವಾಗಿ ಕೂರಿಸಿ. ಟರ್ನ್‌ಬಕಲ್‌ಗಳನ್ನು ಮೂರರಲ್ಲಿ ಎರಡು ಭಾಗ ಬಿಚ್ಚಿಟ್ಟು ಬಾರ್‌ಗೆ ಜೋಡಿಸಿ, ಮುಂದೆ ರೋಪ್ ಹಿಗ್ಗಿದಾಗ ಎಳೆದುಕೊಳ್ಳಲು ಇದು ಬೇಕು. ಈಗ ಪ್ರತಿ ರೋಪನ್ನೂ ಕೈಯಲ್ಲಿ ಎಳೆದು ಸಡಿಲು ತೆಗೆದು, ಡ್ರಮ್ಮಿಗೆ ಮೂರು ಸುತ್ತು ಬಿಗಿಯಾಗಿ ಸುತ್ತಿ, ತುದಿಯನ್ನು ತಯಾರಕರ ಕ್ಲ್ಯಾಂಪಿನಲ್ಲಿ ಹಿಡಿಸಿ. ಭಾರ ಹಿಡಿಯುವುದು ಈ ಮೂರು ಸುತ್ತಿನ ಘರ್ಷಣೆ. ಕ್ಲ್ಯಾಂಪ್ ಉಳಿದ ಚೂರನ್ನಷ್ಟೇ ಹಿಡಿಯುತ್ತದೆ. ಮೂರು ಸುತ್ತು ಎರಡಾದರೆ ಚಿಂತೆ, ಒಂದಾದರೆ ಅಪಾಯ.

ಬುಲ್‌ಡಾಗ್ ಕ್ಲಿಪ್ ಬಳಸಲೇಬೇಕಾದರೆ

ಫೆರುಲ್ ಒತ್ತಿಸಲು ಆಗದ ಕಡೆ ಬುಲ್‌ಡಾಗ್ ಕ್ಲಿಪ್ (ತಳಭಾಗ ಮತ್ತು ಯು-ಬೋಲ್ಟ್ ನಡುವೆ ರೋಪ್ ಬಿಗಿಯುವ ಹಿಡಿಕೆ) ಹಾಕಬಹುದು, ಆದರೆ ತುದಿಯ ಬಲ ಶೇ. 80ಕ್ಕೆ ಇಳಿಯುತ್ತದೆ, ಲೆಕ್ಕ ಮತ್ತೆ ಮಾಡಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಎರಕದ ಕ್ಲಿಪ್, ಅದು ತಲೆಯ ಮೇಲಿನ ಭಾರಕ್ಕಲ್ಲ. ಡ್ರಾಪ್ ಫೋರ್ಜ್ ಮಾಡಿದ್ದನ್ನೇ ಕೇಳಿ ತನ್ನಿ. 6 ಮಿ.ಮೀ. ರೋಪಿಗೆ ಮೂರು ಕ್ಲಿಪ್ ಹಾಕಿ, ಬಾಲ 180 ಮಿ.ಮೀ. ಇರಲಿ. ಗ್ರೂವ್ ಇರುವ ತಳಭಾಗ ಭಾರ ಹೊರುವ ರೋಪಿನ ಮೇಲೆ, ಯು-ಬೋಲ್ಟ್ ಬಾಲದ ಮೇಲೆ. ಮೂರೂ ಹೀಗೇ, ಒಂದು ಹೀಗೆ ಒಂದು ಹಾಗೆ ಅಲ್ಲ. ಯು-ಬೋಲ್ಟ್ ಭಾರದ ರೋಪಿನ ಮೇಲೆ ಕೂತರೆ ತಂತಿಗಳನ್ನು ಜಜ್ಜಿ ಬಲ ಕಸಿಯುತ್ತದೆ. ಮೊದಲ ಕ್ಲಿಪ್ ಬಾಲದ ತುದಿಯಲ್ಲಿ, ಎರಡನೆಯದು ಥಿಂಬಲ್‌ಗೆ ತಾಗಿದಂತೆ, ಮೂರನೆಯದು ನಡುವೆ. ರೋಪ್ ಬಿಗಿಯಾಗಿಸಿ ಟಾರ್ಕ್ ರೆಂಚಿನಿಂದ ಸುಮಾರು 20 ನ್ಯೂಟನ್-ಮೀಟರ್ ಕೊಡಿ. ತಯಾರಕರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ. ಮೊದಲ ಭಾರ ಹಾಕಿದ ಮೇಲೆ ರೋಪ್ ತೆಳುವಾಗಿ ಕ್ಲಿಪ್ ಸಡಿಲುತ್ತದೆ, ಮತ್ತೆ ಅಷ್ಟೇ ಟಾರ್ಕ್ ಕೊಡುವುದು ಕಡ್ಡಾಯ.

ಮಟ್ಟ ಮಾಡುವುದು

ರೋಪನ್ನು ಬೆರಳಿನಿಂದ ಮೀಟಿ ಐದೂ ಒಂದೇ ಬಿಗಿ ಬಂತೇ ಎಂದು ನೋಡುವ ರೂಢಿ ಇದೆ. ಮೇಲಿನ ಹಂಚಿಕೆ ನೋಡಿದರೆ ಅದು ತಪ್ಪೆಂದು ತಿಳಿಯುತ್ತದೆ, ಬಾರ್ ನೇರವಾಗಿದ್ದಾಗ ಬಿಗಿ ಸಮ ಇರುವುದೇ ಇಲ್ಲ. ಸಮ ಇರಬೇಕಾದ್ದು ಬಾರ್‌ನ ಮಟ್ಟ. ಬರಿಯ ಪೈಪಿನಲ್ಲಿ ಮಟ್ಟ ಮಾಡಲೂ ಹೋಗಬೇಡಿ. ಆಗ ಭಾರ ತೀರ ಕಡಿಮೆ, ಎರಡು ಮೂರು ಮಿ.ಮೀ. ವ್ಯತ್ಯಾಸಕ್ಕೇ ಒಂದು ರೋಪ್ ಸಡಿಲಾಗಿ ದಾರಿ ತಪ್ಪಿಸುತ್ತದೆ. ಸುಮಾರು 150 ಕೆ.ಜಿ. ಮರಳಿನ ಮೂಟೆಯನ್ನು ಸಮವಾಗಿ ಹಂಚಿ, ಬಾರನ್ನು ಎದೆ ಮಟ್ಟಕ್ಕೆ ಎತ್ತಿ, ಲೇಸರ್ ಗೆರೆಗೆ ಮೊದಲು ಎರಡು ತುದಿ, ಆಮೇಲೆ ನಡು, ಕೊನೆಗೆ ಎರಡನೆಯದು ಮತ್ತು ನಾಲ್ಕನೆಯದು ಹೊಂದಿಸಿ.

ಹೊಸ ರೋಪ್ ಎಳೆಗಳು ಕೂರುವಾಗ ಶೇ. 0.25ರಿಂದ 0.5ರಷ್ಟು ಶಾಶ್ವತವಾಗಿ ಹಿಗ್ಗುತ್ತದೆ. ಮೊದಲ ಮತ್ತು ಕೊನೆಯ ರೋಪಿನ ಉದ್ದದ ಅಂತರ 11.2 ಮೀಟರ್, ಹಾಗಾಗಿ ದೂರದ ತುದಿ 28ರಿಂದ 56 ಮಿ.ಮೀ. ಹೆಚ್ಚು ಇಳಿಯುತ್ತದೆ. ಇದು ಕೆಲಸದ ತಪ್ಪಲ್ಲ. ಭಾರದೊಂದಿಗೆ ಹತ್ತಾರು ಸಲ ಏರಿಸಿ ಇಳಿಸಿ, ಮರುದಿನ ಮತ್ತೆ ಮಟ್ಟ ಮಾಡಿ. ಟರ್ನ್‌ಬಕಲ್‌ನ ಎರಡೂ ತಿರುಪುಗಳು ದೇಹದ ಒಳಗೆ ಪೂರ್ತಿ ಹಿಡಿದಿವೆಯೇ ನೋಡಿ, ಆಮೇಲೆ ಎರಡೂ ತುದಿಯನ್ನು ದೇಹಕ್ಕೆ ಸೇರಿಸಿ ತಂತಿ ಕಟ್ಟಿ. ಕಂಪನಕ್ಕೆ ಟರ್ನ್‌ಬಕಲ್ ತಾನೇ ಬಿಚ್ಚಿಕೊಳ್ಳುತ್ತದೆ. ಶ್ಯಾಕಲ್ ಪಿನ್ನಿಗೂ ತಂತಿ ಕಟ್ಟಿ.

ಲಿಮಿಟ್ ಮತ್ತು ಭಾರ ಪರೀಕ್ಷೆ

ಬಾರ್ ತುದಿ ಮುಟ್ಟಿದಾಗ ಮೋಟಾರ್ ನಿಲ್ಲಿಸುವ ಮೇಲಿನ, ಕೆಳಗಿನ ಲಿಮಿಟ್ ಸ್ವಿಚ್ ಹೊಂದಿಸಿ. ಅವು ಕೆಟ್ಟರೆ ವಿದ್ಯುತ್ತನ್ನೇ ಕಡಿಯುವ ಎರಡನೆಯ ಜೋಡಿ ಲಿಮಿಟ್ ಬೇರೆ ಇರಲಿ. ಮೇಲಿನ ಲಿಮಿಟ್‌ನಲ್ಲಿ ಟರ್ನ್‌ಬಕಲ್ ಪುಲ್ಲಿಗೆ ತಾಗದೆ ಕನಿಷ್ಠ 300 ಮಿ.ಮೀ. ಉಳಿಯಲಿ. ರೋಪ್ ಸಡಿಲವಾದರೆ ಮೋಟಾರ್ ನಿಲ್ಲಿಸುವ ಸ್ಲ್ಯಾಕ್ ಸ್ವಿಚ್ ಖರ್ಚು ಉಳಿಸುವ ಜಾಗವಲ್ಲ. ಇಳಿಯುವ ಬಾರ್ ಸೆಟ್ಟಿನ ತುದಿಗೆ ಸಿಕ್ಕಿಕೊಂಡರೆ ಡ್ರಮ್ ರೋಪ್ ಬಿಚ್ಚುತ್ತಲೇ ಇರುತ್ತದೆ. ಸಿಕ್ಕು ಬಿಟ್ಟ ಕ್ಷಣ ಪೂರ್ತಿ ಭಾರ ಜಗ್ಗನೆ ಬೀಳುತ್ತದೆ.

ಪರೀಕ್ಷೆಗೆ ಸಾಮಾನ್ಯವಾಗಿ ಶೇ. 125, ಅಂದರೆ ಇಲ್ಲಿ 500 ಕೆ.ಜಿ. ತೂಗಿ ನೋಡಿದ 25 ಕೆ.ಜಿ.ಯ 18 ಮೂಟೆ, ಜೊತೆಗೆ ಬಾರ್ ಮತ್ತು ಜೋಡಣೆಯ ತೂಕ ಸೇರಿದರೆ ಅಷ್ಟಾಗುತ್ತದೆ. ವೇದಿಕೆ ಖಾಲಿ ಮಾಡಿಸಿ, ಹಗ್ಗ ಕಟ್ಟಿ ದಾರಿ ಮುಚ್ಚಿ. ಅರ್ಧ ಮೀಟರ್ ಎತ್ತಿ ಹತ್ತು ನಿಮಿಷ ಬಿಟ್ಟು ಬಾರ್‌ನ ಎತ್ತರ ಅಳೆಯಿರಿ. ಇಳಿದಿದ್ದರೆ ಬ್ರೇಕ್ ಜಾರಿದೆ ಅಥವಾ ಯಾವುದೋ ತುದಿ ಜಾರಿದೆ. ಪ್ರತಿ ಫೆರುಲ್‌ನ ಅಂಚಿನಲ್ಲಿ ರೋಪಿನ ಮೇಲೆ ಮೊದಲೇ ಪೇಂಟ್ ಗುರುತು ಹಾಕಿದ್ದರೆ ಯಾವುದೆಂದು ತಕ್ಷಣ ತಿಳಿಯುತ್ತದೆ. ಆಮೇಲೆ 400 ಕೆ.ಜಿ.ಗೆ ಇಳಿಸಿ ಪೂರ್ತಿ ಓಡಾಟ ಮಾಡಿಸಿ, ಗ್ರಿಡ್‌ನಲ್ಲಿ ಒಬ್ಬರು ಹಾರ್ನೆಸ್ ಕಟ್ಟಿಕೊಂಡು ಪ್ರತಿ ಪುಲ್ಲಿಯನ್ನೂ ನೋಡಲಿ. ಉಜ್ಜುವ ಸದ್ದು ಬಂದ ಜಾಗದಲ್ಲಿ ಓರೆ ಇದ್ದೇ ಇರುತ್ತದೆ. ಎಲ್ಲ ಸರಿಯಿದ್ದರೆ ಬಾರ್ ಮೇಲೂ ಕಂಟ್ರೋಲ್ ಪ್ಯಾನೆಲ್ ಮೇಲೂ "400 ಕೆ.ಜಿ., ಸಮ ಹಂಚಿಕೆ" ಎಂದು ದೊಡ್ಡದಾಗಿ ಬರೆಸಿ. "ಸಮ ಹಂಚಿಕೆ" ಎಂಬ ಮಾತು ಬಿಡಬೇಡಿ. ಎಲ್ಲ ಲೈಟನ್ನೂ ಎರಡು ರೋಪಿನ ನಡುವೆ ಗುಂಪಾಗಿ ಕಟ್ಟುವವರು ಇದ್ದೇ ಇರುತ್ತಾರೆ.

ಆಮೇಲಿನ ತಪಾಸಣೆ

ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ನೋಡಿ, ದಿನಾಂಕ ಹಾಕಿ ರಿಜಿಸ್ಟರಿನಲ್ಲಿ ಬರೆಯಿರಿ. ನಮ್ಮಲ್ಲಿ ಫ್ಲೈ ಟವರ್ (ಬಾರ್, ಪರದೆ ಕಾಣದಷ್ಟು ಮೇಲೇರಲು ವೇದಿಕೆಯ ಮೇಲಿನ ಎತ್ತರದ ಜಾಗ) ಇಲ್ಲದ ರಂಗಮಂದಿರಗಳೇ ಹೆಚ್ಚು. ಬಾರ್ ಓಡುವುದು ಸ್ವಲ್ಪ ದೂರ, ಅದೂ ಪ್ರತಿ ಸಲ ಅದೇ ಎರಡು ಮಟ್ಟದಲ್ಲಿ ನಿಲ್ಲುತ್ತದೆ. ಹಾಗಾಗಿ ರೋಪಿನ ಅದದೇ ಒಂದೆರಡು ಗೇಣು ಪುಲ್ಲಿಯ ಮೇಲೆ ಸದಾ ಬಾಗಿರುತ್ತದೆ, ಸವೆಯುವುದೂ ಅಲ್ಲೇ. ಮಿಕ್ಕ ರೋಪ್ ಹೊಸದರಂತೆ ಹೊಳೆಯುತ್ತಿರುತ್ತದೆ. ಬಾರ್ ಇಳಿಸಿ ಆ ಭಾಗವನ್ನು ಪುಲ್ಲಿಯಿಂದ ಹೊರತಂದು ಬಟ್ಟೆ ಸವರಿ ನೋಡಿ. ಮುರಿದ ತಂತಿ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ, ಬರಿಗೈಯಲ್ಲಿ ಸವರಿದರೆ ಕೈಗೆ ಚುಚ್ಚುತ್ತದೆ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಉಪ್ಪುಗಾಳಿಗೆ ಥಿಂಬಲ್ ಒಳಗೆ, ಫೆರುಲ್ ಬುಡದಲ್ಲಿ ಮೊದಲು ತುಕ್ಕು ಹಿಡಿಯುತ್ತದೆ, ಅಲ್ಲಿ ತಪಾಸಣೆ ತಿಂಗಳಿಗೊಮ್ಮೆ ಇರಲಿ.

ಒಂದು ಹುರಿಯ ಉದ್ದದಲ್ಲಿ (ಒಂದು ಎಳೆ ರೋಪನ್ನು ಒಂದು ಸುತ್ತು ಬರುವಷ್ಟು), ಅಂದರೆ ಸುಮಾರು 40 ಮಿ.ಮೀ. ಒಳಗೆ, ಆರು ತಂತಿ ಮುರಿದಿದ್ದರೆ, ಅಥವಾ ಒಂದೇ ಎಳೆಯಲ್ಲಿ ಮೂರು ಮುರಿದಿದ್ದರೆ ರೋಪ್ ಬದಲಿಸಿ. ತುದಿಯ ಫೆರುಲ್ ಬಳಿ ಮುರಿದ ತಂತಿ ಒಂದು ಕಂಡರೂ ಬಾರನ್ನು ಅತಿ ಕೆಳಗಿನ ಮಟ್ಟಕ್ಕೆ ಇಳಿಸಿ ಹಾಯ್ಸ್ಟ್ ಬಂದ್ ಮಾಡಿ. ವರ್ನಿಯರ್‌ನಲ್ಲಿ 5.7 ಮಿ.ಮೀ.ಗಿಂತ ತೆಳುವಾಗಿದ್ದರೆ, ಕಿಂಕ್ ಇದ್ದರೆ, ಎಳೆಗಳು ಪಂಜರದಂತೆ ಉಬ್ಬಿದ್ದರೆ, ಬಿಸಿಗೆ ನೀಲಿಗಟ್ಟಿದ್ದರೆ ಎಣಿಸುವ ಅಗತ್ಯವೇ ಇಲ್ಲ. ಒಂದು ಕೆಟ್ಟರೂ ಐದನ್ನೂ ಬದಲಿಸಿ. ಹಳೆಯ ನಾಲ್ಕು ಈಗಾಗಲೇ ಹಿಗ್ಗಿವೆ, ಹೊಸದೊಂದು ಅವುಗಳೊಂದಿಗೆ ಮಟ್ಟಕ್ಕೆ ಬರುವುದಿಲ್ಲ. ತೆಗೆದ ರೋಪನ್ನು ಅಂದೇ ಒಂದೊಂದು ಮೀಟರಿನ ತುಂಡು ಮಾಡಿ ಗುಜರಿಗೆ ಹಾಕಿ. ಸುರುಳಿ ಸುತ್ತಿ ಮೂಲೆಯಲ್ಲಿ ಇಟ್ಟರೆ ಮುಂದಿನ ನಾಟಕಕ್ಕೆ ಯಾರಾದರೂ ಅದರಲ್ಲೇ ಸೆಟ್ ತೂಗುಹಾಕುತ್ತಾರೆ.